ಬಿಸಿಯಾಗುವ ಪುಟ್ಟ ಎಂಜಿನ್

ಪ್ರಶ್ನೆ: ನನ್ನ ಎಚ್‌ಓ ಅಳತೆಯ (ನಿಜದ ರೈಲಿನ 1/87 ಗಾತ್ರ) ಹಳೇ ಮಾದರಿ ರೈಲು ಎಂಜಿನ್ ಸ್ವಲ್ಪ ಓಡಿದರೆ ಬಿಸಿಯಾಗಿ ನಿಧಾನವಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಧಾರಾಳವಾಗಿ ಹಾಕಿದ್ದೇನೆ. ಮೋಟಾರ್ ಬದಲಿಸಲೇ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಸದ್ಯಕ್ಕೆ ಬೇಡ. ಆ ಧಾರಾಳವೇ ತೊಂದರೆ ಇರಬಹುದು. ಎಣ್ಣೆ ಕಮ್ಯುಟೇಟರ್‌ಗೆ (ಮೋಟಾರಿನ ಜತೆ ತಿರುಗುವ ತಾಮ್ರಪಟ್ಟಿಗಳ ಉರುಳೆ) ಇಳಿದರೆ, ಅದಕ್ಕೆ ಒತ್ತಿಕೊಂಡು ಕರೆಂಟ್ ಕೊಡುವ ಬ್ರಷ್‌ನ ಕಾರ್ಬನ್ ಪುಡಿಯೊಂದಿಗೆ ಕಪ್ಪು ಅಂಟಾಗಿ ತಾಮ್ರದ ಪಟ್ಟಿಗಳ ಸಂದು ತುಂಬುತ್ತದೆ. ಕರೆಂಟ್ ಅಲ್ಲೇ ಸೋರಿ ಮೋಟಾರ್ ಬಿಸಿಯಾಗುತ್ತದೆ. ಬ್ರಷ್, ಸ್ಪ್ರಿಂಗ್ ತೆಗೆದಿಡಿ (ಸ್ಪ್ರಿಂಗ್ ಹಾರಿದರೆ ಸಿಗುವುದಿಲ್ಲ, ಹುಷಾರು). ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಕಮ್ಯುಟೇಟರ್ ಒರೆಸಿ, ಸಂದುಗಳನ್ನು ಮರದ ಹಲ್ಲುಕಡ್ಡಿಯಿಂದ ಕೆದಕಿ. ಉಪ್ಪುಕಾಗದ ಬೇಡ, ಗೀರು ಬಿದ್ದರೆ ಬ್ರಷ್ ಬೇಗ ಸವೆಯುತ್ತದೆ. ಹಳೇ ಮೋಟಾರಿನ ಅಯಸ್ಕಾಂತವನ್ನಂತೂ ಬಿಚ್ಚಲೇಬೇಡಿ, ಬಲ ಕುಗ್ಗುತ್ತದೆ. ಪೂರ್ತಿ ಒಣಗಿದ ಮೇಲೆ ಎರಡೂ ಬೇರಿಂಗ್‌ಗೆ ಸೂಜಿಮೊನೆಯಷ್ಟು ಎಣ್ಣೆ ಸಾಕು. ಆಮೇಲೂ ಬಿಸಿಯಾದರೆ ವೈಂಡಿಂಗ್ (ಮೋಟಾರಿನ ತಂತಿ ಸುರುಳಿ) ಪರೀಕ್ಷಿಸಿ.