ಅಂಬ್ರೆಲಾ ಕಂಪನಿ ಸಂಬಳದಲ್ಲಿ ರೈಲಿನ ದುಡ್ಡು ವಾಪಸ್ ಬರುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಗಂಡನ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಡಿಪೆಂಡೆಂಟ್ ಆಗಿ ರೆಡಿಂಗ್‌ಗೆ ಬಂದಿದ್ದೀರಿ. ಲಂಡನ್ನಿನಲ್ಲಿ ಆರು ತಿಂಗಳ ಟೆಸ್ಟಿಂಗ್ ಕೆಲಸ ಸಿಕ್ಕಿದೆ, ದಿನಕ್ಕೆ 200 ಪೌಂಡ್. ಸಂಬಳ ಅಂಬ್ರೆಲಾ ಕಂಪನಿ ಮೂಲಕ, ಅಂದರೆ ಏಜೆನ್ಸಿಯಿಂದ ದುಡ್ಡು ಪಡೆದು, ಟ್ಯಾಕ್ಸ್ ಹಿಡಿದು ನಿಮಗೆ ಸಂಬಳ ಕೊಡುವ, ಕಾಗದದ ಮೇಲೆ ನಿಮ್ಮ ಮಾಲೀಕನಾಗುವ ಕಂಪನಿ. ರೇಟು ಕಡಿಮೆ ಆಯ್ತು ಅಂದಿದ್ದಕ್ಕೆ ಏಜೆನ್ಸಿಯವರು, "ರೈಲು, ಊಟ ಎಲ್ಲಾ ಕ್ಲೇಮ್ ಮಾಡಿಕೊಳ್ಳಿ, ಸರಿಹೋಗುತ್ತೆ" ಅಂದರಂತೆ. ನಿಮ್ಮ ಮೂಗಿಗೆ ತುಪ್ಪ ಸವರಿದ್ದಾರೆ. ಮನೆಯಿಂದ ಆಫೀಸಿಗೆ ಹೋಗಿಬರುವ ರೈಲು, ಅಲ್ಲಿ ತಿನ್ನುವ ಊಟ, ಎರಡೂ ನಿಮ್ಮದೇ ಖರ್ಚು.

ಮೊದಲು ಹಾಗಿರಲಿಲ್ಲ ಅನ್ನುವುದು ನಿಜ. ಅಂಬ್ರೆಲಾ ಕಂಪನಿಯೇ ನಿಮ್ಮ ಕಾಯಂ ಮಾಲೀಕ, ಕ್ಲೈಂಟ್ ಆಫೀಸು ಬರೀ ತಾತ್ಕಾಲಿಕ ಜಾಗ ಅಂತ ಲೆಕ್ಕ ಹಾಕಿ ಎಲ್ಲರೂ ಟಿಕೆಟ್ ತೋರಿಸಿ ಟ್ಯಾಕ್ಸ್ ಕಡಿಮೆ ಮಾಡಿಸಿಕೊಳ್ಳುತ್ತಿದ್ದರು. 2016ರ ಏಪ್ರಿಲ್ 6ರಿಂದ ಅದಕ್ಕೆ ಬೀಗ ಬಿತ್ತು. ಕೆಲಸ ಹೇಗೆ ಮಾಡಬೇಕು ಅಂತ ಇನ್ನೊಬ್ಬರು ಹೇಳುವ, ನೋಡಿಕೊಳ್ಳುವ, ತಿದ್ದುವ ಅಧಿಕಾರ ಇದ್ದರೆ, ತೆರಿಗೆ ಇಲಾಖೆಯವರು ಪ್ರತಿ ಅಸೈನ್‌ಮೆಂಟನ್ನೂ ಬೇರೆ ಬೇರೆ ಉದ್ಯೋಗ ಅಂತಲೇ ನೋಡುತ್ತಾರೆ. ಆಗ ರೆಡಿಂಗ್‌ನಿಂದ ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿಗೆ ಹೋಗುವುದು ಎಲ್ಲರಂತೆ ಆಫೀಸಿಗೆ ಹೋದ ಹಾಗೆ, ಅಷ್ಟೇ. ನಿಮ್ಮ ಮೇಲೆ ಅಂಥ ಹಿಡಿತ ಇಲ್ಲ ಅಂತ ಸಾಬೀತು ಮಾಡಿದರೆ ವಿನಾಯಿತಿ ಉಂಟು. ಆದರೆ ಟೀಮಿನ ಜೊತೆ ಕೂತು, ಲೀಡ್ ಕೊಟ್ಟ ಕೆಲಸ ಮಾಡುವ ಟೆಸ್ಟರ್‌ಗೆ ಅದು ಆಗದ ಮಾತು.

ಅದಕ್ಕಿಂತ ಮುಖ್ಯ, ಆ 200 ನಿಮ್ಮ ಸಂಬಳವೇ ಅಲ್ಲ. ಅದು ಏಜೆನ್ಸಿಯಿಂದ ಅಂಬ್ರೆಲಾಗೆ ಬರುವ ದುಡ್ಡು. ಪೇಸ್ಲಿಪ್ ಮೇಲಿನ ಅರ್ಧ ನೋಡಿದರೆ ಗೊತ್ತಾಗುತ್ತೆ. ವಾರಕ್ಕೆ 1,000 ಬಂತು, ಅಂಬ್ರೆಲಾದವರು ತಮಗೆ ಇಟ್ಟುಕೊಳ್ಳುವ ಮಾರ್ಜಿನ್ 20 ಅಂದುಕೊಳ್ಳಿ. ಉಳಿದ 980ರಲ್ಲೇ ಮಾಲೀಕರು ಕಟ್ಟಬೇಕಾದ ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರದ ಸಾಮಾಜಿಕ ಭದ್ರತೆಯ ವಂತಿಗೆ) ಸಂಬಳದಲ್ಲಿ ಒಂದು ಮಿತಿ ಮೀರಿದ ಭಾಗದ ಮೇಲೆ ಶೇ. 15, ಅಪ್ರೆಂಟಿಸ್‌ಶಿಪ್ ಲೆವಿ ಅನ್ನುವ ಇನ್ನೊಂದು ತೆರಿಗೆ ಶೇ. 0.5 ಹೋಗುತ್ತೆ. ನಿಮ್ಮ ನಿಜವಾದ ಸಂಬಳ ಅಂತ ಉಳಿಯುವುದು ಸುಮಾರು 860. ರಜೆಯ ದುಡ್ಡೂ ಇದರಲ್ಲೇ ಸೇರಿದೆ, ಬೇರೆ ಕೊಡುವುದಿಲ್ಲ. ಇದರ ಮೇಲೆ ನಿಮ್ಮ ಪಾಲಿನ ಟ್ಯಾಕ್ಸು, ಇನ್ಶೂರೆನ್ಸು. ಮಾಮೂಲಿ 1257ಎಲ್ ಟ್ಯಾಕ್ಸ್ ಕೋಡ್ ಇದ್ದರೆ ಕೈಗೆ 685ರ ಆಸುಪಾಸು ಬರಬಹುದು, ಪೆನ್ಷನ್‌ಗೆ ಹಿಡಿಯುವ ಮುಂಚೆ. ರೈಲಿನ ದುಡ್ಡು ಹೋಗುವುದು ಈ 685ರಿಂದ. (ಕೆಲಸಕ್ಕೆ ಸೇರುವಾಗ ಕೊಡುವ ಸ್ಟಾರ್ಟರ್ ಚೆಕ್‌ಲಿಸ್ಟ್ ಫಾರ್ಮು ತುಂಬಿ ಕೊಡಿ. ಇಲ್ಲದಿದ್ದರೆ ಮೊದಲ ಪೌಂಡಿನಿಂದಲೇ ಟ್ಯಾಕ್ಸ್ ಹಿಡಿಯುತ್ತಾರೆ.)

ಹಾಗಂತ ಏನೂ ಸಿಗಲ್ಲ ಅಂತಲ್ಲ. ಲಂಡನ್ ಆಫೀಸಿಗೆ ಹೋದ ದಿನ, ಅದೇ ಕೆಲಸಕ್ಕೆ ಅಲ್ಲಿಂದ ಬರ್ಮಿಂಗ್‌ಹ್ಯಾಮ್ ಆಫೀಸಿಗೆ ಕಳಿಸಿದರು ಅನ್ನಿ. ಆ ನಡುವಿನ ಟಿಕೆಟ್ ಲೆಕ್ಕಕ್ಕೆ ಬರುತ್ತೆ. ಕೆಲಸಕ್ಕೆ ಸಂಬಂಧಪಟ್ಟ ಸಂಘದ ಸದಸ್ಯತ್ವವೂ ಬರುತ್ತೆ. ಎಚ್‌ಎಂಆರ್‌ಸಿ (ಇಲ್ಲಿನ ತೆರಿಗೆ ಇಲಾಖೆ) ಒಪ್ಪಿದ ಪಟ್ಟಿಯಲ್ಲಿ ಅದರ ಹೆಸರಿರಬೇಕು, ಬ್ರಿಟಿಷ್ ಕಂಪ್ಯೂಟರ್ ಸೊಸೈಟಿ ಇದೆ. ಮನೆಯಿಂದ ಕೆಲಸ ಮಾಡಿದ್ದಕ್ಕೆ ವಾರಕ್ಕೆ 6 ಪೌಂಡ್ ಲೆಕ್ಕ ಹಾಕುವ ಸೌಲಭ್ಯ ಇತ್ತಲ್ಲ, ಅದನ್ನು 2026ರ ಏಪ್ರಿಲ್‌ನಿಂದ ತೆಗೆದಿದ್ದಾರೆ. ಹಳೇ ವಿಡಿಯೊಗಳಲ್ಲಿ ಇನ್ನೂ ಅದನ್ನೇ ಹೇಳುತ್ತಿರುತ್ತಾರೆ.

ಇನ್ನೊಂದು ಗೊಂದಲ ಎಲ್ಲರಿಗೂ ಇರುತ್ತೆ. 100 ಪೌಂಡ್ ಕ್ಲೇಮ್ ಮಾಡಿದರೆ 100 ವಾಪಸ್ ಬರಲ್ಲ. ಆ 100ರ ಮೇಲಿನ ಟ್ಯಾಕ್ಸ್ ಮಾತ್ರ ಬರುತ್ತೆ, ಶೇ. 20ರ ದರದವರಿಗೆ 20 ಪೌಂಡ್. ಪಿ87 ಅನ್ನುವ ಫಾರ್ಮು ಇದೆ. ವರ್ಷಕ್ಕೆ 2,500 ಪೌಂಡ್ ವರೆಗಿನ ಖರ್ಚಿಗೆ ಅದು ಸಾಕು, ಹಿಂದಿನ ನಾಲ್ಕು ವರ್ಷದ್ದೂ ಕೇಳಬಹುದು. ಈಗ ರಸೀದಿ ಇಲ್ಲದೆ ನಡೆಯಲ್ಲ. ನೀವೇ ತುಂಬಿ, ದುಡ್ಡೇನೂ ಕಟ್ಟಬೇಕಿಲ್ಲ. "ನಿಮ್ಮ ರೀಫಂಡ್ ಕೊಡಿಸುತ್ತೇವೆ" ಅಂತ ಫೇಸ್‌ಬುಕ್ಕಿನಲ್ಲಿ ಬರುವವರು ಬಂದಿದ್ದರಲ್ಲಿ ದೊಡ್ಡ ಪಾಲು ತಾವೇ ಇಟ್ಟುಕೊಳ್ಳುತ್ತಾರೆ.

ಯಾವುದಾದರೂ ಅಂಬ್ರೆಲಾದವರು "ನಮ್ಮಲ್ಲಿ ಶೇ. 85 ಕೈಗೆ ಬರುತ್ತೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ಸಂಬಳದ ಒಂದು ಭಾಗವನ್ನು ಸಾಲ ಅಂತಲೋ, ಅಲೋಯನ್ಸ್ ಅಂತಲೋ ತೋರಿಸಿ ಟ್ಯಾಕ್ಸ್ ತಪ್ಪಿಸುವ ಸ್ಕೀಮುಗಳು ಇವು. ನಾಲ್ಕು ವರ್ಷ ಬಿಟ್ಟು ನೋಟಿಸ್ ಬಂದಾಗ ಕಂಪನಿ ಇರಲ್ಲ, ನೀವಿರುತ್ತೀರಿ. ಇಂಥ ಸ್ಕೀಮುಗಳ ಹೆಸರನ್ನು ಎಚ್‌ಎಂಆರ್‌ಸಿಯೇ ವೆಬ್‌ಸೈಟಿನಲ್ಲಿ ಹಾಕುತ್ತೆ, ಒಮ್ಮೆ ನೋಡಿಕೊಳ್ಳಿ. ಹೆಸರಿಲ್ಲ ಅಂದ ಮಾತ್ರಕ್ಕೆ ಸಾಚಾ ಅಂತ ಅಲ್ಲ.

ಸೋಮವಾರ ಏಜೆನ್ಸಿಗೆ ಫೋನ್ ಮಾಡಿ ಕೀ ಇನ್ಫರ್ಮೇಷನ್ ಡಾಕ್ಯುಮೆಂಟ್ ಕಳಿಸಿ ಅನ್ನಿ. ಒಪ್ಪಿಕೊಳ್ಳುವ ಮುಂಚೆ ಅದನ್ನು ಕೊಡಲೇಬೇಕು, ಕಡಿತ ಎಲ್ಲಾ ಹೋಗಿ ಕೈಗೆ ಎಷ್ಟು ಅನ್ನುವ ಲೆಕ್ಕ ಅದರಲ್ಲಿರುತ್ತೆ. ಬರ್ಮಿಂಗ್‌ಹ್ಯಾಮ್‌ಗೆ ಕಳಿಸಿದರೆ ಟಿಕೆಟ್ ದುಡ್ಡು ಕ್ಲೈಂಟ್ ರೇಟಿನ ಮೇಲೆ ಬೇರೆಯಾಗಿ ಕೊಡ್ತಾರಾ ಅಂತಲೂ ಕೇಳಿ, ಹೌದು ಅಂದರೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಆಮೇಲೆ ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು ಅಂತ ಕೇಳಿ, ಆ ರೈಲಿನ ದುಡ್ಡು ಸೇರಿಸಿ ರೇಟು ಕೇಳಿ. ಸಂಕೋಚ ಬೇಡ, ಇಲ್ಲಿ ಎಲ್ಲರೂ ಕೇಳುತ್ತಾರೆ.