ಕಾಲೇಜು ಥ್ರಿಲ್ಲರ್ ಕಿರುಚಿತ್ರದಲ್ಲಿ ರ್‍ಯಾಗಿಂಗ್ ವಿಷಯ ತರುವುದು ಹೇಗೆ?

ಕೊನೆಯಲ್ಲಿ ಸುಮ್ನೆ ಭಾಷಣ ಅಂಟಿಸಬೇಡಿ. ಥ್ರಿಲ್ಲರ್‌ನ ಒಗಟೇ ಸಮಸ್ಯೆಯಿಂದ ಹುಟ್ಟಬೇಕು. 2016ರ ಕನ್ನಡ ಸಿನಿಮಾ ‘ಯು ಟರ್ನ್’ ನೋಡಿದ್ದೀರಲ್ವಾ? ಬೆಂಗಳೂರಿನ ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸಿ, ಗಾಡಿ ತಿರುಗಿಸಿಕೊಂಡು, ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ. ನಾವೆಲ್ಲ ದಿನಾ ನೋಡುವಂಥ ಸಣ್ಣ ತಪ್ಪು, ಇಡೀ ಕಥೆಯ ಸುಳಿವು ಅದರಲ್ಲೇ ಇದೆ. ಹಾಗೆ ತಿರುಗಿಸಿಕೊಂಡು ಹೋದವರ ಗಾಡಿ ನಂಬರುಗಳ ಪಟ್ಟಿ ಕಂಡ ಮೇಲೆ ಉಪದೇಶ ಯಾಕೆ ಬೇಕು?

ನಿಮ್ಮದು ಹಾಸ್ಟೆಲ್ ಕಥೆ. ಕತ್ತಲ ಕಾರಿಡಾರ್, ಮಿಣುಕುವ ಟ್ಯೂಬ್‌ಲೈಟ್, ಹೂಡಿ ಹಾಕಿದ ಆಸಾಮಿ ಎಲ್ಲಾ ಇರಲಿ, ಪ್ರೇಕ್ಷಕರು ಅವನನ್ನೇ ಅನುಮಾನಿಸಲಿ, ಆದರೆ ನಿಜವಾದ ಭಯವನ್ನು ಹಾಡಹಗಲೇ ಮೆಸ್ಸಿನಲ್ಲಿ ನಗುತ್ತಾ ಕೂತ ಸೀನಿಯರ್‌ಗಳ ಟೇಬಲ್ಲಿನಲ್ಲಿ ಇಡಿ. ಹಿನ್ನೆಲೆ ಸಂಗೀತ ಜಾಸ್ತಿ ಬೇಡ, ತಟ್ಟೆ ಲೋಟದ ಸದ್ದೇ ಸಾಕು. ಇನ್ನು ಮಾನಸಿಕ ಕಾಯಿಲೆ ಇರುವವನನ್ನೇ ಕೊಲೆಗಾರ ಮಾಡುವ ಹಳೇ ಚಾಳಿ ದಯವಿಟ್ಟು ಬಿಟ್ಟುಬಿಡಿ.