ಹರಿವು ಜೋರಾದರೂ ಬ್ಯಾಕ್ಟೀರಿಯಾ ಯಾಕೆ ಕೊಚ್ಚಿಹೋಗುವುದಿಲ್ಲ?

ಮೂತ್ರ ಅಷ್ಟು ರಭಸದಿಂದ ಹರಿದರೂ ಮೂತ್ರನಾಳದ ಬ್ಯಾಕ್ಟೀರಿಯಾ ಹೇಗೆ ಉಳಿದುಕೊಳ್ಳುತ್ತವೆ, ಅವುಗಳ ಅಂಟು ಅಷ್ಟು ಗಟ್ಟಿಯಾ ಅಂತ ಕೇಳಿದ್ದೀರಿ. ಗಟ್ಟಿಯೇನಲ್ಲ. ಸುಮ್ಮನಿದ್ದಾಗ ಅದು ಸಡಿಲವೇ. ಎಳೆದಾಗ ಬಿಗಿಯುತ್ತದೆ. ಪಾಠ ಮಾಡುವಾಗ ನಾನು ಇದನ್ನು ಹೇಳಿದರೆ ಮೊದಲಿಗೆ ಯಾರೂ ನಂಬುವುದಿಲ್ಲ. ಸಾಮಾನ್ಯವಾಗಿ ಎಳೆದಷ್ಟೂ ಹಿಡಿತ ಬೇಗ ಬಿಡಬೇಕು ಅಲ್ವಾ?

2002ರಲ್ಲಿ ವಿಜ್ಞಾನಿಗಳಾದ ವೆಂಡಿ ಥಾಮಸ್, ವಯೋಲಾ ಫೋಗೆಲ್, ಎವ್ಗೆನಿ ಸೊಕುರೆಂಕೊ ಮತ್ತು ಅವರ ಜೊತೆಗಾರರು, ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ. ಕೋಲೈ ಬ್ಯಾಕ್ಟೀರಿಯಾವನ್ನು ಗಿನಿಯಿಲಿಯ ಕೆಂಪು ರಕ್ತಕಣಗಳ ಜೊತೆ ಬೆರೆಸಿ ನೋಡಿದರು. ಅಲುಗಾಡಿಸುತ್ತಿದ್ದರೆ ಎಲ್ಲ ಒಂದಕ್ಕೊಂದು ಅಂಟಿ ಗಂಟುಗಟ್ಟುತ್ತಿತ್ತು. ನಿಲ್ಲಿಸಿದರೆ ಗಂಟು ಸಡಿಲ. ಮತ್ತೆ ಅಲುಗಾಡಿಸಿದರೆ ಮತ್ತೆ ಗಂಟು!

ಈ ಬ್ಯಾಕ್ಟೀರಿಯಾದ ಮೈತುಂಬ ಸಣ್ಣ ಎಳೆಗಳಿರುತ್ತವೆ. ಎಳೆಯ ತುದಿಯಲ್ಲಿ ಫಿಮ್‌ಎಚ್ ಎಂಬ ಪ್ರೋಟೀನ್. ಅದು ನಮ್ಮ ಜೀವಕೋಶದ ಮೇಲಿನ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿಯುತ್ತದೆ. ಈ ಪ್ರೋಟೀನಿಗೆ ಎರಡು ಭಾಗ. ಹೊರಗಿನದು ಸಕ್ಕರೆ ಹಿಡಿಯುವ ಭಾಗ, ಒಳಗಿನದು ಎಳೆಗೆ ಸೇರಿಕೊಂಡದ್ದು. ಎಳೆತ ಇಲ್ಲದಿದ್ದಾಗ ಒಳಭಾಗ ಹೊರಭಾಗಕ್ಕೆ ಒತ್ತಿಕೊಂಡಿರುತ್ತದೆ. ಹಾಗಾಗಿ ಸಕ್ಕರೆ ಕೂರುವ ಗುಳಿ ಸ್ವಲ್ಪ ಬಾಯಿ ಬಿಟ್ಟಿರುತ್ತದೆ. ಹರಿವು ಬ್ಯಾಕ್ಟೀರಿಯಾವನ್ನು ಎಳೆದಾಗ ಎರಡೂ ಭಾಗ ದೂರ ಸರಿಯುತ್ತವೆ, ಗುಳಿ ಮುಚ್ಚಿ ಸಕ್ಕರೆಯನ್ನು ಕಚ್ಚಿ ಹಿಡಿಯುತ್ತದೆ. ಜೀರುಗುಣಿಕೆಯ ಥರ. ಹಾಗಂತ ಮಿತಿ ಇಲ್ಲ ಅಂತಲ್ಲ, ವಿಪರೀತ ಎಳೆದರೆ ಇದೂ ಕಿತ್ತು ಬರುತ್ತದೆ. ಅದಕ್ಕೇ ಎಳೆಯ ಸುರುಳಿ ಬಿಚ್ಚಿಕೊಂಡು ಉದ್ದವಾಗಿ, ಜಗ್ಗಾಟ ಒಮ್ಮೆಲೇ ತುದಿಗೆ ತಟ್ಟದಂತೆ ನೋಡಿಕೊಳ್ಳುತ್ತದೆ.

ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಬಿಗಿತಕ್ಕಿಂತ ಸಡಿಲ. ಸದಾ ಬಿಗಿಯಾಗಿದ್ದರೆ ಬ್ಯಾಕ್ಟೀರಿಯಾ ಬಿದ್ದಲ್ಲೇ ಬಿದ್ದಿರಬೇಕು. ಹರಿವು ನಿಧಾನವಾದಾಗ ಹಿಡಿತ ಬಿಡುವುದರಿಂದ ಅಕ್ಕಪಕ್ಕ ಸರಿದು ಹರಡಬಹುದು. ಮೂತ್ರದಲ್ಲಿ ತೇಲುವ ಸಕ್ಕರೆಯಂಥ ಅಣುಗಳಿಗೂ ಅದು ಸುಲಭವಾಗಿ ಮೋಸಹೋಗುವುದಿಲ್ಲ. ತೇಲುವ ಅಣು ಎಳೆಯುವುದಿಲ್ಲವಲ್ಲ!

ಇದು ಬ್ಯಾಕ್ಟೀರಿಯಾದ್ದೇ ಸ್ವಂತ ಉಪಾಯವೇನಲ್ಲ. ರಕ್ತನಾಳದ ಗೋಡೆ ಹಿಡಿದು ಉರುಳುವ ನಮ್ಮ ಬಿಳಿ ರಕ್ತಕಣಗಳ ಸೆಲೆಕ್ಟಿನ್ ಎಂಬ ಅಂಟು ಪ್ರೋಟೀನಿನ ಬಂಧವೂ ಹೀಗೇ ಅಂತ 2003ರಲ್ಲಿ ಗೊತ್ತಾಯಿತು. ಜೀವಕೋಶಗಳು ನೆಲೆ ಹಿಡಿಯಲು ಬಳಸುವ ಇಂಟೆಗ್ರಿನ್ ಎಂಬ ಪ್ರೋಟೀನ್‌ಗಳಲ್ಲೂ ಇಂಥದ್ದಿದೆ. ಆದರೆ ಎಲ್ಲ ಬ್ಯಾಕ್ಟೀರಿಯಾಗಳೂ ಇದೇ ದಾರಿ ಹಿಡಿಯುವುದಿಲ್ಲ.

ಹಾಗಾದರೆ ನೀರು ಜಾಸ್ತಿ ಕುಡಿದು ಏನು ಉಪಯೋಗ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಉಪಯೋಗ ಇದೆ. ಪದೇ ಪದೇ ಮೂತ್ರದ ಸೋಂಕು ಆಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ದಿನಕ್ಕೆ 1.5 ಲೀಟರ್ ಹೆಚ್ಚು ನೀರು ಕುಡಿದವರಿಗೆ ವರ್ಷಕ್ಕೆ ಸರಾಸರಿ 1.7 ಸಲ ಸೋಂಕು ಬಂತು, ಉಳಿದವರಿಗೆ 3.2 ಸಲ. ಅಂಟಿಕೊಂಡವು ಉಳಿದರೂ, ಇನ್ನೂ ಅಂಟದೆ ತೇಲುತ್ತಿರುವವು ಹೊರಗೆ ಹೋಗುತ್ತವಲ್ಲ.